ಬೋರ್ಡು ತಾನಾಗಿ ಕಂಡ ದಿನ

ಇವತ್ತು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ, ಮೈತುಂಬ ಅದಿರಿನ ಕೆಂಪು ಧೂಳು ಮೆತ್ತಿಕೊಂಡ ಬಸ್ಸೊಂದು ಪಕ್ಕಕ್ಕೆ ಬಂದು ನಿಂತಿತು. ಆ ಧೂಳಿನ ವಾಸನೆಗೇ ನಾನು ಮತ್ತೆ ಅವ್ವನ ಸೆರಗು ಹಿಡಿದ ಹುಡುಗಿಯಾದೆ.

ಆಗ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಧೂಳು ಹಿಡಿದು ಕೆಂಪಗಿದ್ದರೆ ಗಣಿಗಳಿರುವ ಸಂಡೂರಿನ ಬಸ್ಸು, ಇಲ್ಲದಿದ್ದರೆ ತವರೂರು ಬುಕ್ಕಸಾಗರದ ಮೇಲೆ ಹೋಗುವ ಕಂಪ್ಲಿ ಬಸ್ಸು ಎಂಬುದು ಅವಳ ಲೆಕ್ಕ. ಒಮ್ಮೆ ಯಾರೋ ಸಂಡೂರಿನ ಬಸ್ಸನ್ನು ಚೆನ್ನಾಗಿ ತೊಳೆದುಬಿಟ್ಟಿದ್ದರು. ನಾವು ಅದನ್ನೇ ಹತ್ತಿ, ಗದ್ದೆಗಳ ಬದಲು ಗುಡ್ಡಗಳು ಕಂಡಾಗ ಇಳಿದೆವು.

ರಸ್ತೆ ಬದಿಯಲ್ಲೇ ಅವ್ವ ಹೇಳಿದಳು: "ನನಗ ಅಕ್ಷರ ಕಲಸು ನೀನು."

ಮಣ್ಣಿನಲ್ಲಿ ಬರೆದು ಕಲಿಸಿದೆ. ಆದರೆ ಅವಳು ‘ಕಂ’ ಎಂದು ತಡೆದು ‘ಪ್ಲಿ’ ಕೂಡಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತಿತ್ತು. ಅವಳು ಯಾರನ್ನೂ ಕೇಳುತ್ತಿರಲಿಲ್ಲ, ನನಗೂ ಹೇಳಗೊಡುತ್ತಿರಲಿಲ್ಲ. ಸುಮ್ಮನೆ ಮುಂದಿನ ಬಸ್ಸಿಗೆ ಕಾಯುತ್ತಿದ್ದಳು.

ಒಂದು ಬೆಳಿಗ್ಗೆ, ನಾನಿನ್ನೂ ಬೋರ್ಡಿನತ್ತ ನೋಡಿರಲಿಲ್ಲ, ಅವ್ವ ನನ್ನ ಕೈ ಹಿಡಿದೆಳೆದು ಬಸ್ಸು ಹತ್ತಿಬಿಟ್ಟಳು.

"ಯಾವಾಗ ಓದಿದಿ?" ಎಂದೆ.

ಅವಳೂ ಬೆರಗಾಗಿದ್ದಳು. "ಓದ್ಲಿಲ್ಲವ್ವ. ಕಂಪ್ಲಿ ಅಂತ ತಾನ ಕಾಣಿಸ್ತು."

ಅವತ್ತು ದಾರಿಯುದ್ದಕ್ಕೂ ಅಂಗಡಿ, ಗೋಡೆ, ಯಾವುದನ್ನೂ ಓದದೆ ಬಿಡಲು ಅವಳ ಕಣ್ಣಿಗೆ ಆಗಲಿಲ್ಲ.

ಇವತ್ತು, ಈಗಷ್ಟೇ ಅಕ್ಷರ ಕಲಿಯುತ್ತಿರುವ ನನ್ನ ಮಗಳು ಕಂಪ್ಲಿ ಬಸ್ಸಿನ ಬೋರ್ಡು ನೋಡುತ್ತ "ಕ... ಕಂ..." ಎನ್ನುತ್ತಿದ್ದಾಗ ಬಸ್ಸು ಹೊರಡುವುದರಲ್ಲಿತ್ತು. ನಾನು ಅವಳ ಕೈ ಎಳೆದೆ.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಅವ್ವ ಏಳಲೇ ಇಲ್ಲ. "ಬಸ್ಸು ಇನ್ನೊಂದು ಬರ್ತೈತಿ ತಡಿ. ಆಕಿ ಓದಿ ಮುಗಸ್ಲಿ."