ದೊಡ್ಡಮ್ಮನ ಗೋಬರ್ ಗ್ಯಾಸು

ದಾರಿಯಲ್ಲಿ ಸಗಣಿ ಕಂಡರೆ ನಮ್ಮ ಹೊನ್ನಮ್ಮ ದೊಡ್ಡಮ್ಮನಿಗೆ ಗಂಟು ಸಿಕ್ಕಷ್ಟು ಖುಷಿ. ಮದುವೆಗೆಂದು ರೇಷ್ಮೆ ಸೀರೆ ಉಟ್ಟು ಹೊರಟಿದ್ದರೂ ಸರಿ, ಬಗ್ಗಿ ಎತ್ತಿ ಬೇಲಿ ಪಕ್ಕದಲ್ಲಿ ಎಲೆ ಮುಚ್ಚಿಟ್ಟು, ವಾಪಸು ಬರುವಾಗ ಮರೆಯದೆ ಮನೆಗೆ ತರುತ್ತಿದ್ದಳು. "ಥೂ, ಏನ್ ದೊಡ್ಡಮ್ಮ ಇದು!" ಎಂದರೆ, "ಅನ್ನ ಬೇಯ್ಸೋದು ಕಣೆ ಅದು, ಥೂ ಅನ್ಬೇಡ" ಎಂದು ನನ್ನನ್ನೇ ಗದರುತ್ತಿದ್ದಳು.

ಮೊದಲು ಹೀಗಿರಲಿಲ್ಲ. ಸೋಲೂರಿನ ಹತ್ತಿರದ ಅವಳ ಮನೆಯಲ್ಲಿ ಕೊಟ್ಟಿಗೆ ತುಂಬ ದನವಿದ್ದವು. ಎರಡು ಸಾವಿರದ ಇಸವಿಯ ಈಚೆಗೆ ಊರಿನ ಗೋಮಾಳಕ್ಕೆ ಕಾರ್ಖಾನೆಯ ತಂತಿಬೇಲಿ ಬಿತ್ತು. ದನ ಮೇಯಿಸುವ ಜಾಗವೂ ಹೋಯಿತು, ಸೌದೆ ಆಯುವ ಜಾಗವೂ ಹೋಯಿತು. ಒಂದೊಂದಾಗಿ ಮಾರಿ ಕೊನೆಗೆ ಒಂದೇ ಹಸು ಉಳಿಯಿತು. ಒಲೆಗೆ ಹಸಿ ನೀಲಗಿರಿ ಸೊಪ್ಪೇ ಗತಿ. ಆ ಹೊಗೆಯಲ್ಲಿ ಸೊಸೆ ಜಯಮ್ಮ ಕೆಮ್ಮಿ ಕೆಮ್ಮಿ ಕಡ್ಡಿಯಾಗಿದ್ದಳು. ಹೊಗೆ ತಪ್ಪಿಸದಿದ್ದರೆ ಔಷಧಿ ದಂಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸೊಸೆಯನ್ನು ಬೈಯದ ದಿನವಿಲ್ಲದ ದೊಡ್ಡಮ್ಮ, ಅವಳು ಕೆಮ್ಮಿದಾಗಲೆಲ್ಲ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ಅಷ್ಟರಲ್ಲಿ, ಗುಂಡಿಗೆ ಸಗಣಿ ಕಲಸಿ ಸುರಿದು ಒಲೆ ಉರಿಸುವ ಗೋಬರ್ ಗ್ಯಾಸಿಗೆ ಸರ್ಕಾರ ಸಬ್ಸಿಡಿ ಕೊಡುತ್ತದೆಂಬ ಸುದ್ದಿ ಬಂತು. ಆದರೆ ಮನೆಯಲ್ಲಿ ಮೂರು ದನವಾದರೂ ಇರಬೇಕಂತೆ. ದೊಡ್ಡಮ್ಮ ಏನು ಮಾಡಿದಳು ಗೊತ್ತೆ? ಸಾಹೇಬರು ನೋಡಲು ಬರುವ ದಿನ, ತೋಟದ ಬದುವಿನ ಹುಲ್ಲಿನಿಂದ ದನ ಉಳಿಸಿಕೊಂಡಿದ್ದ ಪಕ್ಕದ ಮನೆ ಕೆಂಪಮ್ಮನನ್ನು ಒಪ್ಪಿಸಿ, ಅವಳ ಹಸುಗಳನ್ನು ಹೊಡೆದುಕೊಂಡು ಬಂದು ತನ್ನ ಕೊಟ್ಟಿಗೆಯಲ್ಲಿ ಕಟ್ಟಿದಳು! ನಾನೂ ಅವತ್ತು ಅಲ್ಲೇ ಇದ್ದೆ.

ಸಾಹೇಬರು ಒಳ್ಳೆಯವರು. ಜಗುಲಿಯ ಮೇಲೆ ಮಜ್ಜಿಗೆ ಕುಡಿಯುತ್ತ, ಸೌದೆ ಸುಟ್ಟು ಸುಟ್ಟು ಕಾಡು ಹೋಗುತ್ತಿದೆ, ಭೂಮಿಯೇ ಬಿಸಿಯಾಗಿ ಮಳೆ ಏರುಪೇರಾಗುತ್ತಿದೆ, ಅದಕ್ಕೇ ಸರ್ಕಾರ ದುಡ್ಡು ಕೊಟ್ಟು ಒಲೆ ಬದಲಾಯಿಸುತ್ತಿದೆ ಎಂದು ವಿವರಿಸಿದರು. ದೊಡ್ಡಮ್ಮ ಭಕ್ತಿಯಿಂದ ತಲೆಯಾಡಿಸುತ್ತಿದ್ದಳು. ಆಗಲೇ ಆಚೆ ಮನೆಯಲ್ಲಿ ಕೆಂಪಮ್ಮ ಬೂಸಾ ಕಲಸಿ, ಮರೆತು ದಿನದ ಅಭ್ಯಾಸದಂತೆ "ಬಾ ಗೌರೀ" ಎಂದು ಕೂಗಬೇಕೆ! ನಮ್ಮ ಕೊಟ್ಟಿಗೆಯಲ್ಲಿದ್ದ ಗೌರಿ ಹಗ್ಗ ಕಿತ್ತುಕೊಂಡು, ಸಾಹೇಬರ ಮುಂದೆಯೇ ಬಾಲವೆತ್ತಿ ಓಡಿತು.

ಸಾಹೇಬರು ಲೋಟ ಕೆಳಗಿಟ್ಟರು. ದೊಡ್ಡಮ್ಮ ಜಗ್ಗಲಿಲ್ಲ.

"ಹಸು ಸುಳ್ಳು ಸ್ವಾಮಿ, ಒಪ್ಕತೀನಿ. ಒಳಗೆ ಕೆಮ್ತಾವ್ಳಲ್ಲ ನನ್ ಸೊಸೆ, ಅದು ಸುಳ್ಳಲ್ಲ. ಅದ್ಸರಿ, ನಿಮ್ ಗುಂಡಿಗೆ ಬೇಕಾಗಿರೋದು ಹಸುವೋ, ಸಗಣಿಯೋ?"

"ಸಗಣಿ ಕಣಮ್ಮ. ಆದ್ರೆ ದಿನಾ ಬೇಕಲ್ಲ?"

"ಲೇ ಕೆಂಪೀ, ಬಾರೆ ಇಲ್ಲಿ!" ಎಂದು ಕೂಗಿದಳು ದೊಡ್ಡಮ್ಮ. ಬೇಲಿಯ ಮೇಲೇ ವ್ಯವಹಾರ ನಡೆಯಿತು. "ದಿನಾ ಒಂದ್ ಮಂಕರಿ ಸಗಣಿ ತಂದ್ ಹಾಕು. ಗುಂಡಿಯಿಂದ ಬರೋ ಬಗ್ಗಡವೆಲ್ಲ ನಿನ್ ಹಿಪ್ನೇರಳೆ ತೋಟಕ್ಕೆ ಗೊಬ್ಬರ." ಆಮೇಲೆ ಸಾಹೇಬರ ಕಡೆ ತಿರುಗಿ, "ಸುಮ್ಕೆ ಯಾರ್ ಬದಲಾಯ್ತಾರೆ ಸ್ವಾಮಿ? ಸರ್ಕಾರ ನಂಗೆ ಒಸಿ ಕೊಡ್ಲಿ, ನಾನು ಇವ್ಳಿಗೆ ಒಸಿ ಕೊಡ್ತೀನಿ" ಎಂದಳು.

ಸಾಹೇಬರು ನಕ್ಕುಬಿಟ್ಟರು. ಮೇಲಿನವರನ್ನು ಕೇಳುತ್ತೇನೆ ಎಂದು ಹೋದವರು, ಓಡಾಡಿ ಮಂಜೂರು ಮಾಡಿಸಿಯೇ ಕೊಟ್ಟರು.

ನೀಲಿ ಉರಿ ಹತ್ತಿದ ದಿನ ಜಯಮ್ಮ ಅತ್ತಳು. "ಈಗ್ಯಾಕೆ ಅಳ್ತೀಯೆ, ಹೊಗೇನೇ ಇಲ್ವಲ್ಲ" ಎಂದ ದೊಡ್ಡಮ್ಮನ ಕಣ್ಣೂ ಒದ್ದೆಯಾಗಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಕೆಮ್ಮು ತಗ್ಗಿತು. ಅಲ್ಲಿಂದಾಚೆಗೆ ದೊಡ್ಡಮ್ಮನದು ಒಂದೇ ಮಾತು: "ನಾವು ಉಪವಾಸ ಇದ್ರೂ ಗುಂಡಿ ಉಪವಾಸ ಇರಬಾರ್ದು." ಹಬ್ಬವಿರಲಿ, ಜ್ವರವಿರಲಿ, ಸಗಣಿ ಕಲಸಿ ಸುರಿದ ಮೇಲೆಯೇ ಅವಳಿಗೆ ಕಾಫಿ.

ದೊಡ್ಡಮ್ಮ ತೀರಿಕೊಂಡ ಬೆಳಿಗ್ಗೆ ನಾವೆಲ್ಲ ಅಂಗಳದಲ್ಲಿ ಕೂತಿದ್ದೆವು. ಅವಳ ಬೈಗುಳವಿಲ್ಲದ ಆ ಮನೆಯಲ್ಲಿ ನನಗೆ ಕೂರಲೂ ಆಗುತ್ತಿರಲಿಲ್ಲ. ಕೆಂಪಮ್ಮ ಅಳುತ್ತ ಬಂದಳು. ಸೊಂಟದ ಮೇಲೆ ಎಂದಿನ ಸಗಣಿ ಮಂಕರಿ.

"ಇವತ್ಯಾಕೆ ಕೆಂಪಕ್ಕ? ಸಾವಿನ ಮನೇಲಿ ಒಲೆ ಹಚ್ಚಂಗಿಲ್ವಲ್ಲ" ಎಂದಳು ಜಯಮ್ಮ.

"ಗೊತ್ತು ಕಣವ್ವ. ಹಾಕ್ದೆ ಇದ್ರೆ ಎದ್ ಬಂದು ಬೈತಾಳೆ ನಿಮ್ಮತ್ತೆ."

ಜಯಮ್ಮ ಕಣ್ಣೊರೆಸಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಗಣಿ ಕಲಸಲು ಎದ್ದು ಹೋದಳು.