ಕಾರಿನಲ್ಲಿ ಬಂದವರಿಗೆ ಚಳಿ ಎಲ್ಲಿಯದು

ಶರಣು, ನೀನು ಕುಡಿಯುತ್ತೀಯ ಎಂದು ಬೀದರಿನಲ್ಲಿ ಹೇಳಿದವನು ನಾನು. ಬೇರೆ ಯಾರೂ ಅಲ್ಲ. ಎಂಟು ವರ್ಷದಿಂದ ನೀನು ಯಾರ ಬಾಯಿ, ಯಾರ ಬಾಯಿ ಎಂದು ಹುಡುಕುತ್ತಿದ್ದೀಯಲ್ಲ — ಅದು ನಿನ್ನ ಅಕ್ಕನ ಗಂಡನ ಬಾಯಿ. ನಿನ್ನ ಎದುರಿಗೇ ಕೂತು, ನಿನ್ನ ಅಕ್ಕ ಬಡಿದ ರೊಟ್ಟಿ ಮುರಿದು ತಿನ್ನುವ ಬಾಯಿ.

ಹೊಟ್ಟೆಕಿಚ್ಚಿನಿಂದ ಹೇಳಿದ್ದರೆ ಅದಕ್ಕೊಂದು ತೂಕವಾದರೂ ಇರುತ್ತಿತ್ತು. ಹಗೆ ಸಾಧಿಸುವವನಿಗೂ ಒಂದಿಷ್ಟು ಗಂಡಸುತನ ಬೇಕು. ನನಗೆ ಅಷ್ಟೂ ಇರಲಿಲ್ಲ. ನಾನು ಹೇಳಿದ್ದು ಒಂದು ಕಾರಿಗಾಗಿ — ಅದೂ ಇಲ್ಲದ ಕಾರು. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಅರ್ಧ ಮಾತ್ರ ನಿನಗೆ ಗೊತ್ತು.

ಸಿಕಂದರಾಬಾದಿನ ಬಟ್ಟೆ ಅಂಗಡಿಯೊಂದರಲ್ಲಿ ಸೂಟು, ಬ್ಲೇಜರುಗಳ ಕೌಂಟರಿಗೆ ನಿಂತು ನನ್ನ ಅರ್ಧ ಆಯುಷ್ಯ ಹೋಗಿದೆ. ಮನುಷ್ಯನ ಮುಖಕ್ಕಿಂತ ಮೊದಲು ಅವನ ಕಾಲರ್ ನೋಡುವುದು ನನ್ನ ಚಟ. ಡಿಸೆಂಬರ್ ಬಂತೆಂದರೆ ಹುಡುಗರು ಬೈಕಿಗೆ ಜಾಕೆಟ್ ಬೇಕೆಂದು ಬರುತ್ತಾರೆ. ಗಾಳಿ ತಡೆಯುತ್ತದೆಯೇ ಎಂದು ಒಬ್ಬನೂ ಕೇಳುವುದಿಲ್ಲ. ಕನ್ನಡಿಯ ಮುಂದೆ ಭುಜ ಕುಣಿಸಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಹಿಮಾಲಯ ಹತ್ತುವವರಂತೆ ಹೊರಗೆ ಹೋಗುತ್ತಾರೆ. ಹೋಗುವುದು ಇಲ್ಲೇ ಊರೊಳಗಿನ ಉಪ್ಪಲ್‌ಗೆ. ಅವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಅವರಿಗಿಂತ ನಾನು ಎರಡು ಪಟ್ಟು ಟೊಳ್ಳು ಎಂದು ನನಗೆ ಯಾರೂ ಹೇಳಿರಲಿಲ್ಲ.

ನೀನೋ — ನಾಚಾರಂ ಕಾರ್ಖಾನೆಯಲ್ಲಿ ಫಿಟ್ಟರ್, ಬೆಳಗಿನ ಆರರ ಶಿಫ್ಟಿಗೆ ಹತ್ತಿರ ಹತ್ತಿರ ಒಂದು ತಾಸು ಬೈಕ್ ಹೊಡೆದು ಹೋಗುವವನು. ಚಳಿಗಾಲದಲ್ಲಿ ನಿನ್ನ ವೇಷ ನೆನಪಿದೆಯೇ? ಬನಿಯನ್ನಿನ ಮೇಲೆ ತುಂಬುತೋಳಿನ ಅಂಗಿ. ಅದರ ಮೇಲೆ ನಿನ್ನ ಅಕ್ಕ ಕಾಶಮ್ಮ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ, ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿದುಕೊಟ್ಟ ತೋಳಿಲ್ಲದ ಬಂಡಿ. ಎದೆಗೆ ಎರಡು ಮಡಿಕೆ ಹಳೆಯ ಪೇಪರ್. ಎಲ್ಲಕ್ಕಿಂತ ಮೇಲೆ, ಆಕಾಶದಲ್ಲಿ ಒಂದು ಮೋಡವಿಲ್ಲದಿದ್ದರೂ, ಮಳೆಗಾಲದ ರೇನ್‌ಕೋಟ್. ಕೈಗೆ ಉಣ್ಣೆಯ ಗ್ಲೌಸು, ಅದರ ಮೇಲೆ ತೊಳೆದ ಹಾಲಿನ ಕವರು. ನಮ್ಮ ಬಿಲ್ಡಿಂಗಿನ ಕೆಳಗೆ ನೀನು ಹಾಗೆ ಬಂದು ನಿಂತರೆ ನಾನು ಬಾಲ್ಕನಿಯಿಂದ ಒಳಗೆ ಸರಿಯುತ್ತಿದ್ದೆ. ಪಕ್ಕದವರು ಇವನು ನಿಮ್ಮವನೇ ಎಂದು ಕೇಳಿಬಿಟ್ಟರೆ!

ಒಮ್ಮೆ ನೀನು ನನಗೆ ತಿಳಿಸಿ ಹೇಳಲು ನೋಡಿದೆ.

"ಮಾಮಾ, ಎಷ್ಟು ದಪ್ಪ ಹಾಕ್ಕೊಂಡ್ರೂ ಗಾಳಿ ಒಳಗ ನುಗ್ಗಿದ್ರ ಮುಗೀತ್ರಿ. ಮ್ಯಾಲಿನ ಬಟ್ಟಿ ಗಾಳಿ ತಡೀಬೇಕು, ಒಳಗಿನ ಬಟ್ಟಿ ಮೈಯಾಗಿನ ಕಾವು ಹಿಡೀಬೇಕು. ಅಷ್ಟ ಐತ್ರಿ ಲೆಕ್ಕ."

ಬಟ್ಟೆಯವನಿಗೆ ಬಟ್ಟೆಯ ಪಾಠ! ನಾನು ನಕ್ಕುಬಿಟ್ಟೆ. ನೀನು ಹೇಳಿದ್ದು ಅಕ್ಷರಶಃ ಸರಿ ಎಂದು ನನಗೆ ಗೊತ್ತಿತ್ತು ಶರಣು. ಗೊತ್ತಿದ್ದೇ ನಕ್ಕೆ.

ಬೀದರಿನ ಸಂಬಂಧ ಬಂದಾಗ ಹುಡುಗಿಯ ಸೋದರಮಾವನ ಹತ್ತಿರ ಫೋನಿನಲ್ಲಿ ಮಾತಾಡಿದವನು ನಾನೇ. ನಿಮ್ಮ ತಂದೆ ತಾಯಿ ತೀರಿಹೋಗಿದ್ದರು, ಹಿರಿಯ ಎಂದರೆ ನಾನೇ ಆಗಿದ್ದೆ. ಹೇಗೆ ಬರುತ್ತೀರಿ, ಬಸ್‌ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸಲೇ ಎಂದು ಅವರು ಸಹಜವಾಗಿ ಕೇಳಿದರು. ನನ್ನ ನಾಲಿಗೆ ತಾನಾಗಿ ಹೊರಳಿತು: "ಬ್ಯಾಡ್ರಿ, ಕಾರಿನ್ಯಾಗ ಬರ್ತೀವಿ. ಹುಡುಗಂದ ಐತ್ರಿ ಕಾರು." ಯಾಕೆ ಹೇಳಿದೆ? ಅವರು ಕೇಳಿರಲಿಲ್ಲ, ನೀನು ಹೇಳು ಅಂದಿರಲಿಲ್ಲ — ಬೈಕಿನವನ ಭಾವ ಎನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ನಿನಗೂ ಕಾಶಮ್ಮನಿಗೂ ಈ ಮಾತು ಹೇಳಲಿಲ್ಲ.

ಅಂಗಡಿಯಿಂದ ಒಂದು ನೀಲಿ ಬ್ಲೇಜರ್ ತಂದೆ. ಗೊಂಬೆಗೆ ತೊಡಿಸಿದ್ದು. ಬೆಲೆಯ ಚೀಟಿಯನ್ನು ತೋಳಿನೊಳಗೆ ಮಡಿಸಿಟ್ಟು, ಸೋಮವಾರ ವಾಪಸ್ ಗೊಂಬೆಗೇ ಹಾಕುವ ಯೋಚನೆ. ಜನವರಿಯ ಆ ಭಾನುವಾರ, ಬೆಳಕು ಹರಿಯುವ ಮೊದಲೇ ಹೊರಟು ನಿಂತಾಗ ನೀನು ಅದರೊಳಗೆ ಬಂಡಿ ಹಾಕಿಕೊಂಡಿದ್ದೆ. ತೆಗೆ ಎಂದೆ.

"ಮಾಮಾ, ಜಹೀರಾಬಾದ್ ಕಡೆ ಭಾಳ ಥಂಡಿ ಇರತೈತ್ರಿ."

"ಎದಿ ಉಬ್ಬಿಕೊಂಡೈತಿ, ಹಮಾಲ ಕಂಡಂಗ ಕಾಣ್ತಿ. ಹುಡುಗಿ ನೋಡಾಕ ಹೊಂಟೀಯೋ, ಮೂಟಿ ಹೊರಾಕ ಹೊಂಟೀಯೋ?"

ಬಂಡಿ ತೆಗೆಸಿದೆ. ಪೇಪರ್ ಸಪ್ಪಳ ಮಾಡುತ್ತದೆ ಎಂದು ಅದನ್ನೂ ತೆಗೆಸಿದೆ. ರೇನ್‌ಕೋಟಿನಿಂದ ಬ್ಲೇಜರ್ ಮುದುಡುತ್ತದೆ, ಗ್ಲೌಸಿನ ಉಣ್ಣೆ ತೋಳಿಗೆ ಅಂಟುತ್ತದೆ — ಒಂದೊಂದಕ್ಕೂ ನನ್ನ ಹತ್ತಿರ ಕಾರಣವಿತ್ತು. ಬ್ಲೇಜರ್ ಎಂದರೆ ಎದೆ ತೆರೆದ ಬಟ್ಟೆ. ಫ್ಯಾನಿನ ಕೆಳಗೆ ನಿಂತು ಕೈ ಕುಲುಕುವವರಿಗೆ ಹೊಲಿಯುವುದು. ಅದನ್ನು ಹಾಕಿಕೊಂಡು ಬೈಕ್ ಓಡಿಸಿದರೆ ಗಾಳಿ ನೇರವಾಗಿ ಎದೆಗೂಡಿಗೇ ಇಳಿಯುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಕಾಶಮ್ಮ ಮಗಳಿಗೆ ಜ್ವರವೆಂದು ಬರಲಿಲ್ಲ. ಬಂದಿದ್ದರೆ ನನ್ನ ಈ ಆಟ ನಡೆಯುತ್ತಿರಲಿಲ್ಲ.

ಇನ್ನು ನಾನು ಏನು ಹಾಕಿಕೊಂಡಿದ್ದೆ ಎಂದು ಹೇಳಲೇಬೇಕು. ದಪ್ಪ ಜಾಕೆಟ್, ಮಫ್ಲರ್, ಮಂಕಿ ಕ್ಯಾಪ್, ಚರ್ಮದ ಗ್ಲೌಸು. ನನ್ನನ್ನು ಯಾರೂ ನೋಡುವವರಿರಲಿಲ್ಲವಲ್ಲ! ನಿನ್ನ ಹಿಂದೆ ಕೂತು, ನಿನ್ನ ಬೆನ್ನಿಗೆ ಮುಖ ಒತ್ತಿಕೊಂಡು, ಸಂಗಾರೆಡ್ಡಿ ದಾಟುವ ಹೊತ್ತಿಗೆ ನಿದ್ದೆಯನ್ನೂ ಹೊಡೆದೆ. ಸದಾಶಿವಪೇಟೆಯ ಆಚೆ ಮಂಜು ಹಾಲಿನ ಹಾಗೆ ಕವಿದಿತ್ತು. ನಿನ್ನ ಬೆನ್ನು ಬಿಟ್ಟೂ ಬಿಡದೆ ಅದುರುವುದು ನನ್ನ ಕೆನ್ನೆಗೆ ತಿಳಿಯುತ್ತಿತ್ತು. ನನ್ನ ಗ್ಲೌಸನ್ನಾದರೂ ಬಿಚ್ಚಿ ಕೊಡಬಹುದಿತ್ತು. ಕೊಡಲಿಲ್ಲ.

ಬೀದರ್ ಮುಟ್ಟಿದಾಗ ಒಂಬತ್ತಾಗಿತ್ತು. ಚಹಾದಂಗಡಿಯ ಒಲೆ ಕಂಡು ನೀನು ಐದು ನಿಮಿಷ ಕೈ ಕಾಯಿಸುತ್ತೇನೆ ಎಂದೆ. ತಡವಾಯಿತು ಎಂದು ನಾನು ನಿನ್ನನ್ನು ಎಳೆದುಕೊಂಡು ನಡೆದೆ. ಬೈಕನ್ನು ಎರಡು ಗಲ್ಲಿ ಈಚೆ ಒಂದು ಗಿರಣಿಯ ಹಿಂದೆ ನಿಲ್ಲಿಸಿದ್ದೇಕೆ ಎಂದು ನೀನು ಕೇಳಿದಾಗ, ಮುಂದೆ ದಾರಿ ಇಕ್ಕಟ್ಟು ಎಂದೆ. ಹುಡುಗಿಯ ಮನೆಯವರಿಗೂ ಅದನ್ನೇ ಹೇಳಿದೆ — ಕಾರು ದೊಡ್ಡ ರಸ್ತೆಯಲ್ಲಿ ಬಿಟ್ಟಿದ್ದೇವೆ, ಗಲ್ಲಿ ಇಕ್ಕಟ್ಟು. ನೀನು ಆಗಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೆ, ನಿನಗೆ ಕೇಳಿಸಲಿಲ್ಲ.

ನಿನ್ನನ್ನು ಅವರ ಕಣ್ಣಿನಿಂದ ಒಮ್ಮೆ ನೋಡು. ಗಾಳಿ ಹೊಡೆದು ಕೆಂಡದಂತೆ ಕೆಂಪಾದ ಕಣ್ಣು. ದವಡೆ ಮರಗಟ್ಟಿ, ಕಾರ್ಖಾನೆಯ ಹೆಸರು ಕೇಳಿದರೆ ನಾಲಿಗೆ ತೊದಲುತ್ತಿತ್ತು. ಹುಡುಗಿ ಚಹಾ ಕೊಟ್ಟಾಗ ಕಪ್ಪು ಬಸಿಯ ಮೇಲೆ ಕಟಕಟ ಎಂದಿತು, ಅರ್ಧ ಚಹಾ ಜಮಖಾನೆಗೆ, ಅರ್ಧ ಅಂಗಡಿಯ ಬ್ಲೇಜರಿಗೆ. ಆ ಹುಡುಗಿ ಗಾಬರಿಯಾಗಲಿಲ್ಲ. ಒಂದು ಕೈಯಿಂದ ಬಸಿಯನ್ನು ಹಿಡಿದು ನಿಲ್ಲಿಸಿ, ಮೆಲ್ಲಗೆ ಕೇಳಿದಳು:

"ಥಂಡಿ ಆಗ್ಯಾದೇನ್ರಿ?"

ಇಡೀ ಮನೆಯಲ್ಲಿ ಅವಳೊಬ್ಬಳಿಗೆ ತಿಳಿದಿತ್ತು. ನೀನು ಹೌದು ಎನ್ನಲು ಬಾಯಿ ತೆರೆದೆ. ನಾನು ನಡುವೆ ನುಗ್ಗಿದೆ — "ಕಾರಿನ್ಯಾಗ ಬಂದವ್ರಿಗೆ ಥಂಡಿ ಎಲ್ಲೀದವ್ವಾ!" ಎಂದು ದೊಡ್ಡದಾಗಿ ನಕ್ಕೆ. ನೀನು ನನ್ನ ಮುಖ ನೋಡಿದೆ. ಕಾರಿನ ಮಾತು ನಿನಗೆ ತಿಳಿದದ್ದೇ ಆಗ. ನಾನು ಕಣ್ಣಿನಲ್ಲೇ ಸುಮ್ಮನಿರು ಎಂದೆ. ಹಿರಿಯರ ಮಾತು ಮುರಿಯಬಾರದೆಂದು ನೀನು ತಲೆ ತಗ್ಗಿಸಿ ಕೂತೆ. ತಲೆ ತಗ್ಗಿಸಿದ್ದನ್ನೂ ಅವರು ತಪ್ಪಿತಸ್ಥನ ಲಕ್ಷಣವೆಂದೇ ಓದಿಕೊಂಡರು.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ. ಸೋದರಮಾವ ನನ್ನನ್ನು ಪಡಸಾಲೆಯಿಂದ ಹೊರಗೆ ಕರೆದು, ಹೆಗಲ ಮೇಲೆ ಕೈ ಇಟ್ಟು ಕೇಳಿದರು:

"ಖರೇ ಹೇಳ್ರಿ, ಹುಡುಗಂದು ಕೈ ಯಾಕ್ ನಡಗ್ಲಾಕತ್ತಾವ? ತಗೋತಾನೇನ್ರಿ?"

ಬೈಕಿನಲ್ಲಿ ಬಂದೆವು, ಚಳಿಗೆ ನಡುಗುತ್ತಿದ್ದಾನೆ — ಇಷ್ಟು ಅಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಕಾರು ಸುಳ್ಳಾಗುತ್ತಿತ್ತು. ಜ್ವರ ಎನ್ನಬಹುದಿತ್ತು — ಸುಳ್ಳೇ ಹೇಳುವುದಿದ್ದರೆ ಅದಕ್ಕಿಂತ ಸಸ್ತಾ ಸುಳ್ಳು ಯಾವುದಿತ್ತು? ಎಂಟು ವರ್ಷ ಇದನ್ನೇ ಯೋಚಿಸಿದ್ದೇನೆ. ಹೊಳೆಯಲಿಲ್ಲ ಎಂದರೆ ಅದೂ ಸುಳ್ಳು. ಹೊಳೆದಿತ್ತು. ಆದರೆ ಆ ಹೊತ್ತಿಗೆ ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು ಶರಣು. ಇಷ್ಟು ಚೆಂದ ತಯಾರು ಮಾಡಿ ಕರೆದುಕೊಂಡು ಬಂದರೆ ಒಂದು ಕಪ್ಪು ಹಿಡಿಯಲಾಗದೆ ನನ್ನ ಮಾನ ಕಳೆದನಲ್ಲ ಎಂದು. ಬ್ಲೇಜರಿನ ಕಲೆ ಹೋಗುವುದೋ ಇಲ್ಲವೋ ಎಂದು. ಅದೇ ಸಿಟ್ಟಿನಲ್ಲಿ, ದೊಡ್ಡ ಊರಿನವನ ಠೀವಿಯಲ್ಲಿ ಕಣ್ಣು ಮಿಟುಕಿಸಿ ಹೇಳಿದೆ:

"ಹೈದ್ರಾಬಾದ್ ಅಂದ ಮ್ಯಾಲ... ದೋಸ್ತರ ಜೋಡಿ ಸ್ವಲ್ಪ ಇದ್ದ ಇರತೈತಲ್ರಿ."

ಅವರು ಹೆಗಲಿಂದ ಕೈ ತೆಗೆದರು. ಉಪ್ಪಿಟ್ಟು ಬಂತು, ಹವಾಮಾನದ ಮಾತು ಬಂತು, ಬೀಳ್ಕೊಟ್ಟರು. ಹಿಂದಿರುಗುವಾಗ ಬಿಸಿಲಿತ್ತು. ನೀನು ದಾರಿಯುದ್ದಕ್ಕೂ ಕಾರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಜಹೀರಾಬಾದಿನಲ್ಲಿ ಇಳಿದಾಗ ಇಷ್ಟೇ ಅಂದೆ: "ಹುಡುಗಿ ಭಾಳ ಛಲೋ ಅದಾಳ್ರಿ ಮಾಮಾ." ಮೂರನೇ ದಿನ ಜಾತಕ ಕೂಡಲಿಲ್ಲ ಎಂದು ಅವರ ಫೋನ್ ಬಂತು. ನೀನು ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ ಎಂದು ಕಾಶಮ್ಮ ಹೇಳಿದಳು.

ನಮ್ಮ ಮಂದಿಯ ಗುಣ ನಿನಗೆ ಗೊತ್ತು. ಕುಡಿಯುವವರ ಮನೆಯಲ್ಲೇ ಕುಡುಕನಿಗೆ ಹೆಣ್ಣು ಕೊಡುವುದಿಲ್ಲ ಎಂಬ ಭಾಷಣ ಜೋರು. ಮಾತು ಹುಮನಾಬಾದಿಗೆ ಹೋಯಿತು, ಕಲಬುರಗಿಗೆ ಹೋಯಿತು, ಸುತ್ತಿ ಹೈದರಾಬಾದಿಗೇ ಬಂತು. ಬಂದ ಸಂಬಂಧಗಳೆಲ್ಲ ಬಾಗಿಲ ತನಕ ಬಂದು ತಿರುಗಿದವು. ಕಾರ್ಖಾನೆಯಲ್ಲಿ ಯಾರೋ ನಿನಗೆ ಕಾರಣ ಹೇಳಿದ ದಿನ ನೀನು ನೇರವಾಗಿ ನನ್ನ ಹತ್ತಿರ ಬಂದೆ. ನೀವು ಅಲ್ಲಿದ್ದಿರಲ್ಲ ಮಾಮಾ, ನಾನು ಮುಟ್ಟುವುದಿಲ್ಲ ಎಂದು ಹೇಳಬೇಕಿತ್ತು ಎಂದೆ. ನಾನು ಏನೆಂದೆ? "ಹೇಳಿದ್ನೋ ಮಾರಾಯ. ಆಣೆ ಮಾಡಿ ಹೇಳಿದೆ. ಅವರು ನಂಬಲಿಲ್ಲ."

ಆಗ ನೀನು ನನಗೆ ಕೈ ಮುಗಿದೆ. ನನಗೋಸ್ಕರ ಆಣೆ ಮಾಡಿದಿರಲ್ಲ ಎಂದು ಕಣ್ಣು ತುಂಬಿಕೊಂಡೆ. ನಾನು ಅದನ್ನು ಸ್ವೀಕರಿಸಿದೆ ಶರಣು — ದೊಡ್ಡ ಮನುಷ್ಯನ ಹಾಗೆ ನಿನ್ನ ಬೆನ್ನು ತಟ್ಟಿದೆ. ಪಡಸಾಲೆಯಲ್ಲಿ ಹೇಳಿದ್ದು ಒಂದು ಕ್ಷಣದ ನೀಚತನ ಎಂದುಕೊಂಡರೂ, ಬೆನ್ನು ತಟ್ಟಿದ್ದಕ್ಕೆ ಹೆಸರಿಲ್ಲ.

ಹೋದ ತಿಂಗಳು ಕಾಚಿಗುಡದ ಮದುವೆಯಲ್ಲಿ ನೀನು ಬಡಿಸುತ್ತಿದ್ದಾಗ, ಪಂಕ್ತಿಯಲ್ಲಿ ಕೂತ ಮುದುಕನೊಬ್ಬ ನಿನ್ನತ್ತ ಬಾಗಿ ಮೂಗು ಅರಳಿಸಿದ. ನೀನು ಸಾರಿನ ಬಕೇಟು ಕೆಳಗಿಟ್ಟು, ಅವನ ಮುಖದ ಹತ್ತಿರ ಬಾಯಿ ತೆರೆದು ಉಸಿರು ಬಿಟ್ಟೆ. ಆಮೇಲೆ ಬಕೇಟು ಎತ್ತಿಕೊಂಡು ಮುಂದಿನ ಎಲೆಗೆ ಹೋದೆ. ಅಷ್ಟು ರೂಢಿಯಾಗಿದೆ ನಿನಗೆ. ನನ್ನ ಮಗಳು ನೋಡುತ್ತಿದ್ದಳು. "ಅಪ್ಪಾ, ಮಾಮಾ ಯಾಕ ಹಂಗ ಮಾಡಿದ?" ಎಂದಳು.

ಮರುದಿನ ಬೀದರಿನ ಸೋದರಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೇಳಿದ್ದು ಇಷ್ಟೇ:

"ಹುಡುಗಿಗಿ ಎರಡು ಮಕ್ಳವರಿ ಈಗ. ನಾ ಹೇಳಿದ ಮಂದಿಗಿ ಯಾರು ತಿರುಗಿ ಹೇಳಬೇಕ್ರಿ?"

ನಾನೇ ಹೇಳುತ್ತೇನೆ, ಹೆಸರು ಕೊಡಿ ಎಂದೆ. ಏಳು ಹೆಸರು ಕೊಟ್ಟರು. ಐದು ಮನೆಗೆ ಹೋಗಿ ಬಂದಿದ್ದೇನೆ. ನಾಂಪಲ್ಲಿಯಲ್ಲಿ ಒಬ್ಬರು ನಕ್ಕರು. ಹುಮನಾಬಾದಿನ ಯಜಮಾನರು ಚಹಾ ಕೊಟ್ಟು, ಮನೆಯವರಲ್ಲವೇ, ಅವನ ಕುಡಿತವನ್ನು ನೀವು ಮುಚ್ಚಿಡದೆ ಇನ್ನಾರು ಮುಚ್ಚಿಡಬೇಕು ಎಂದರು. ನಾನು ಮನೆಯವನು ಎಂದೇ ಅಂದು ನನ್ನ ಸುಳ್ಳನ್ನು ನಂಬಿದ್ದ ಜನ ಇವರು. ಇಂದು ಅದೇ ಕಾರಣಕ್ಕೆ ನಿಜವನ್ನು ನಂಬುತ್ತಿಲ್ಲ. ಅವರನ್ನು ಹಳಿಯಲೂ ನನಗೆ ಬಾಯಿಲ್ಲ.

ಗುರುತಿಲ್ಲದ ಮನೆಗಳಿಗೆ ಮೊದಲು ಹೋದೆ, ಯಾಕೆಂದರೆ ಅದು ಸುಲಭ. ಕಾಶಮ್ಮನಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ನಿನ್ನ ರೂಮಿಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗಿಟ್ಟು ಓಡುವುದಿಲ್ಲ, ನಾನೇ ಗಟ್ಟಿಯಾಗಿ ಓದುತ್ತೇನೆ, ಇಬ್ಬರ ಮುಂದೆಯೂ. ಕ್ಷಮಿಸು ಎಂಬ ಮಾತನ್ನು ಇದರಲ್ಲಿ ಎಲ್ಲಿಯೂ ಬರೆದಿಲ್ಲ; ಅದನ್ನು ಕೇಳಿದರೆ ನಿನ್ನ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ. ಓದಿದ ಮೇಲೆ ನೀನು ಬಾಗಿಲು ತೋರಿಸಬಹುದು. ನಿನ್ನ ಅಕ್ಕ ನನ್ನ ಜೊತೆ ಹಿಂದಿರುಗದೆಯೂ ಇರಬಹುದು. ಏನೇ ಆಗಲಿ, ಕಲಬುರಗಿಯಲ್ಲಿ ಎರಡು ಮನೆ ಉಳಿದಿವೆ. ಬರುವ ವಾರ ಹೋಗಿ ಅವರಿಗೂ ಹೇಳಿ ಬರುತ್ತೇನೆ.