ಕರೆಯದೆ ಹತ್ತಿದ ಮೆಟ್ಟಿಲು

ಓಡಾಲಿ ವರ್ಡಿನ್ ಬಹಳ ಸಾಧು ಹೆಂಗಸು ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾಧುವಂತೆ, ಸಾಧು! ಮದುವೆಯಾಗಿ ಬಂದಂದಿನಿಂದ ಅವಳ ಪಕ್ಕದ ಮನೆಯಲ್ಲಿ ಬಾಳಿದವಳು ನಾನು. ನನ್ನ ಅಂಜೂರದ ಮರದ ಹಣ್ಣನ್ನು ಹಕ್ಕಿಗಿಂತ ಮುಂಚೆ ಅವಳು ಕೀಳುತ್ತಿದ್ದಳು. ಕೇಳಿದರೆ, "ಕೊಂಬೆ ನಮ್ಮ ಕಡೆಗೆ ಬಗ್ಗಿದೆ ಕಣೇ ಯೂಲಾ. ನಿನ್ನ ಕೈಗೆ ಸಿಗೋಕೆ ಅದಕ್ಕೂ ಇಷ್ಟ ಇಲ್ಲ" ಎನ್ನುತ್ತಿದ್ದಳು. ಅಂಥ ಬಾಯಿ. ಆದರೆ ಪ್ರತಿ ಚಂಡಮಾರುತ ಹೋದ ಮೇಲೂ ಊರಿನಲ್ಲಿ ಮೊದಲು ಹೊರಗೆ ಕಾಲಿಡುತ್ತಿದ್ದವಳು ಅವಳೇ, ಅದನ್ನೂ ಹೇಳಬೇಕು.

ನಮ್ಮ ಪ್ವಾಂತ್ ನ್ವಾರ್ ಇರುವುದು ಲೂಸಿಯಾನದ ನೆಲ ಮುಗಿದು ಸಮುದ್ರ ಶುರುವಾಗುವ ಕಡೆ. ಹರಿಯಲೋ ಬೇಡವೋ ಎಂದು ಯೋಚಿಸುತ್ತಾ ಮಲಗಿದಂತಿರುವ ತೊರೆ, ಅದಕ್ಕೆ ನಾವು ಬಯೂ ಅನ್ನುತ್ತೇವೆ. ಅದರ ದಡದುದ್ದಕ್ಕೂ ಕಂಬಗಳ ಮೇಲೆ ನಿಂತ ಮನೆಗಳು, ಮನೆಗೊಂದು ದೋಣಿ. ಗಂಡಸರು ಸಿಗಡಿ ಹಿಡಿಯುತ್ತಾರೆ, ಹೆಂಗಸರು ಏಡಿ ಬಿಡಿಸುವ ಷೆಡ್ಡಿಗೆ ಹೋಗುತ್ತಾರೆ. ಓಡಾಲಿಯೂ ಬೆರಳುಗಳು ಗಂಟು ಕಟ್ಟುವವರೆಗೆ ಏಡಿ ಬಿಡಿಸಿದವಳೇ. ಚಿಕ್ಕ ವಯಸ್ಸಿಗೇ ಗಂಡ ಸತ್ತ. ಇನ್ನೊಂದು ಮದುವೆಗೆ ಕೇಳಲು ಬಂದವನನ್ನು, "ಒಬ್ಬನ ಗೊರಕೆ ಕೇಳಿದ್ದೇ ಈ ಜನ್ಮಕ್ಕೆ ಸಾಕಪ್ಪಾ" ಎಂದು ಕಾಫಿ ಕುಡಿಸಿ ಕಳಿಸಿದಳು. ಮಕ್ಕಳಿರಲಿಲ್ಲ. ಅವಳಿಗೆ ತನ್ನವರು ಎಂದು ಇದ್ದದ್ದು ಒಬ್ಬಳೇ, ಬೆಲ್ಜೀರಜ್ಜಿ. ಚರ್ಚಿನಲ್ಲಿ ಓಡಾಲಿಗೆ ಹೆಸರಿಟ್ಟಾಗ ಎತ್ತಿಕೊಂಡಿದ್ದ ಧರ್ಮತಾಯಿ ಆಕೆ. ಅಮ್ಮ ಹೋದ ಮೇಲೆ ಜಡೆ ಹಾಕಿ ಸಾಕಿದವಳೂ ಆಕೆಯೇ.

ಓಡಾಲಿಗೆ ಇನ್ನೊಂದು ಕೆಲಸವಿತ್ತು. ಅವಳು ನೋವು ಇಳಿಸುವವಳು. ಸೋದರಮಾವ ಸಾಯುವ ಮುಂಚೆ ಆ ಜಪವನ್ನು ಅವಳ ಕಿವಿಯಲ್ಲಿ ಹೇಳಿಕೊಟ್ಟಿದ್ದ. ಸರ್ಪಸುತ್ತು, ಹಲ್ಲುನೋವು, ಎಲ್ಲಕ್ಕೂ ಅವಳೇ. ಎಲ್ಲಕ್ಕಿಂತ ಹೆಚ್ಚಾಗಿ, ತಲೆಗೆ ಬಿಸಿಲು ಬಡಿದವರು ಅವಳ ಜಗಲಿಗೆ ಬರುತ್ತಿದ್ದರು. ಗಾಜಿನ ಲೋಟದ ತುಂಬ ನೀರು ತುಂಬಿ, ಬಟ್ಟೆ ಕಟ್ಟಿ, ನೆತ್ತಿಯ ಮೇಲೆ ಬೋರಲು ಹಾಕಿ, ಹಳೆಯ ಫ್ರೆಂಚಿನಲ್ಲಿ ಏನೋ ಮಣಮಣ ಎನ್ನುವಳು. ಸ್ವಲ್ಪ ಹೊತ್ತಿಗೆ ಲೋಟದೊಳಗೆ ಗುಳ್ಳೆ ಏಳುತ್ತಿತ್ತು. ಗುಳ್ಳೆ ಎದ್ದರೆ ತಲೆಯ ಬಿಸಿಲು ಇಳಿಯಿತು ಎಂದು ಅರ್ಥ. ನಗಬೇಡಿ. ಆ ಲೋಟ ನನ್ನ ತಲೆಯ ಮೇಲೂ ಕೂತಿದೆ, ನನ್ನ ನೋವೂ ಇಳಿದಿದೆ.

ಇದಕ್ಕೊಂದು ಕಟ್ಟಳೆಯಿತ್ತು. ನೋವಿದ್ದವರು ಬಂದು ಕೇಳಬೇಕು, ಇಲ್ಲವೇ ಹೇಳಿ ಕಳಿಸಬೇಕು. ಕೇಳದವರ ಮನೆಗೆ ತಾನಾಗಿ ಹೋದರೆ ಕೈಗುಣ ಸತ್ತುಹೋಗುತ್ತದೆ ಎಂದು ಮಾವ ಆಣೆ ಹಾಕಿಸಿದ್ದ. ಕಾಯಿಲೆ ಇರುವ ಮನೆಯ ಮೆಟ್ಟಿಲನ್ನು ಓಡಾಲಿ ಕರೆಯದೆ ಹತ್ತಿದವಳೇ ಅಲ್ಲ. ಅದರಲ್ಲೂ ಬೆಲ್ಜೀರಜ್ಜಿಯ ಮನೆಗೆ ಹೋಗುವುದಂತೂ ನಿಂತೇ ಹೋಗಿತ್ತು. ಅಜ್ಜಿಯ ಸೊಸೆ ಅರ್ಲೀನ್‌ಗೂ ಇವಳಿಗೂ ಎಣ್ಣೆ ಸೀಗೇಕಾಯಿ. "ನಿನ್ನ ಲೋಟ, ನಿನ್ನ ಮಂತ್ರ ಎಲ್ಲ ನಿನ್ನ ಜಗಲೀಲೇ ಇರ್ಲಿ. ನಮ್ಮನೆ ಹೊಸಲು ತುಳೀಬೇಡ" ಎಂದು ಅರ್ಲೀನ್ ಈಸ್ಟರ್ ಹಬ್ಬದ ದಿನವೇ ಮುಖದ ಮೇಲೆ ಹೇಳಿದ್ದಳು.

ಆ ವರ್ಷದ ಚಂಡಮಾರುತ ಸೆಪ್ಟೆಂಬರಿನಲ್ಲಿ ಬಂತು. ರಾತ್ರಿಯಿಡೀ ಬೊಬ್ಬೆ ಹೊಡೆದು, ಅರ್ಧ ಊರಿನ ಛಾವಣಿ ಕಿತ್ತುಕೊಂಡು, ದೋಣಿಗಳನ್ನು ರಸ್ತೆಯ ಮೇಲೆ ಕೂರಿಸಿ ಹೋಯಿತು. ಆದರೆ ಗಾಳಿಗಾಗಲಿ ನೀರಿಗಾಗಲಿ ನಮ್ಮೂರಲ್ಲಿ ಯಾರೂ ಸಾಯಲಿಲ್ಲ. ಬೆಳಿಗ್ಗೆ ಹೊರಗೆ ಬಂದು ಒಬ್ಬರನ್ನೊಬ್ಬರು ತಬ್ಬಿಕೊಂಡು, ಗಂಡಾಂತರ ಕಳೆಯಿತಲ್ಲ ದೇವರೇ ಎಂದು ಅತ್ತೆವು. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಮಾತು ಆಗ ಯಾರ ನೆನಪಿಗೂ ಬರಲಿಲ್ಲ.

ಕರೆಂಟು ಇಲ್ಲ, ಫೋನಿಲ್ಲ, ರಸ್ತೆಗೆ ಅಡ್ಡಲಾಗಿ ಕಂಬಗಳು. ಸರ್ಕಾರದವರು ಆಚೆ ಕಡೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರು. ಸಹಾಯ ಎಂದು ಯಾರೋ ಪುಣ್ಯಾತ್ಮರು ದೋಣಿಯಲ್ಲಿ ಮೂಟೆ ಕಳಿಸಿದ್ದರು. ಬಿಚ್ಚಿದರೆ ಉಣ್ಣೆ ಕೋಟುಗಳು! ಬೆವರು ಪಾದದವರೆಗೆ ಇಳಿಯುವ ಧಗೆಯಲ್ಲಿ ಉಣ್ಣೆ ಕೋಟು! ಓಡಾಲಿ ಒಂದನ್ನು ತೊಟ್ಟು ರಾಣಿಯ ಹಾಗೆ ನಡೆದು ತೋರಿಸಿದಳು. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಆಮೇಲೆ ಅವಳೇ ಗದರಿದಳು: "ಸಾಕು ಹಲ್ಲು ಕಿರಿದಿದ್ದು. ಯಾರ್ಯಾರ ಫ್ರೀಜರಲ್ಲಿ ಏನೇನಿದೆ, ಕೊಳೆಯೋಕ್ ಮುಂಚೆ ಎಲ್ಲ ಎತ್ಕೊಂಡ್ ಬನ್ನಿ."

ಅದು ನಮ್ಮ ಪದ್ಧತಿ. ಚಂಡಮಾರುತದ ಮೇಲೆ ಯಾರ ಫ್ರೀಜರೂ ಯಾರದ್ದೂ ಅಲ್ಲ. ಸಿಗಡಿ, ಬಾತುಕೋಳಿ, ಜಿಂಕೆ ಮಾಂಸ ಎಲ್ಲ ದೊಡ್ಡ ಕಪ್ಪು ಹಂಡೆಗೆ ಬಿದ್ದವು. ನಾನು ಸೌಟು ಹಿಡಿದೆ. ಅಜ್ಜಿಯ ಮಗ, ಅರ್ಲೀನಳ ಗಂಡ ಕ್ಲೋವಿಸ್, ಗಂಡಸರನ್ನು ಕಟ್ಟಿಕೊಂಡು ಮನೆಯಿಂದ ಮನೆಗೆ ಛಾವಣಿಗೆ ನೀಲಿ ತಾಡಪಾಲು ಹೊಡೆಯುತ್ತಾ ಹೊರಟ. ಎತ್ತಿನಂಥ ಆಳು ಅವನು. ತನ್ನ ಮನೆಗೆ ಮೊದಲು ಹೊಡೆದುಕೋ ಎಂದರೆ, "ನಮ್ದು ಭದ್ರವಾಗಿದೆ ಬಿಡಿ" ಎನ್ನುತ್ತಿದ್ದ.

ಅಷ್ಟರಲ್ಲಿ ಕಳ್ಳರ ಸುದ್ದಿ ಬಂತು. ಮೇಲಿನ ಬಯೂ ಕಡೆ ಅಂಗಳದಲ್ಲಿಟ್ಟ ಜನರೇಟರುಗಳನ್ನು ದೋಣಿಯಲ್ಲಿ ಬಂದು ಹೊತ್ತುಕೊಂಡು ಹೋಗುತ್ತಿದ್ದಾರಂತೆ. ಮನೆ ಕಳೆದುಕೊಂಡವರ ಜನರೇಟರ್ ಕದಿಯುವವರ ಕೈ ಸೇದಿಹೋಗಲಿ! ಎಲ್ಲರೂ ತಮ್ಮ ತಮ್ಮ ಯಂತ್ರವನ್ನು ಮೇಲೆ ಹತ್ತಿಸಿ, ಹಿತ್ತಲ ಕೋಣೆಯಲ್ಲೋ ಮುಚ್ಚಿದ ಹಿಂಜಗಲಿಯಲ್ಲೋ ಸರಪಳಿ ಹಾಕಿ ಬಿಗಿದರು. ಸೊಳ್ಳೆಗಳೋ, ಮುತ್ತಿಕೊಳ್ಳುತ್ತಿದ್ದವು. ಹರಿದ ಕಿಟಕಿಪರದೆಗೆ ಪ್ಲಾಸ್ಟಿಕ್ ಹಾಳೆ ಬಡಿದರು. ಹೊಗೆಕೊಳವೆಯ ಮುಂದಿನ ಬಾಗಿಲನ್ನು ಚೂರು ತೆರೆದಿಟ್ಟರೆ ಸಾಕು ಎಂದುಕೊಂಡರು. ಬ್ಯಾಟರಿ ರೇಡಿಯೋದವನು ಯಂತ್ರ ಹೊರಗಿಡಿ, ಮನೆಯಿಂದ ದೂರ ಇಡಿ ಎಂದು ಒದರುತ್ತಲೇ ಇದ್ದ. "ಅವನ ಮನೆಗೆ ಕಳ್ಳ ಬಂದಿಲ್ಲ, ಅದಕ್ಕೇ ಮಾತಾಡ್ತಾನೆ" ಎಂದು ನಾನೇ ಅದನ್ನು ಆರಿಸಿದೆ. ಬಯೂವಿನ ಉದ್ದಕ್ಕೂ ಯಂತ್ರಗಳ ಗುಂಯ್ ಎಂಬ ಸದ್ದು. ಹಕ್ಕಿಗಳೆಲ್ಲ ಎಲ್ಲಿ ಹೋಗಿದ್ದವೋ, ಆ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ಆಮೇಲೆ ಜನ ಓಡಾಲಿಯ ಜಗಲಿಗೆ ಬರತೊಡಗಿದರು. ತಲೆನೋವು, ವಾಕರಿಕೆ, ಕಣ್ಣು ಕತ್ತಲೆ. ಹಗಲೆಲ್ಲ ಛಾವಣಿಯ ಮೇಲೆ ಬೇಯುತ್ತಿದ್ದವರು, ಬಿಸಿಲು ಬಡಿಯದೆ ಇನ್ನೇನು? ಜಗಲಿಯ ಗಾಳಿಗೆ ಕೂರಿಸಿ ಲೋಟ ಬೋರಲು ಹಾಕುತ್ತಿದ್ದಳು. ಗುಳ್ಳೆ ಏಳುತ್ತಿತ್ತು, ನೋವು ಇಳಿಯುತ್ತಿತ್ತು. ಮಾರನೆಯ ದಿನ ಅವರೇ ಮತ್ತೆ ಬರುತ್ತಿದ್ದರು. "ಇದೆಂಥಾ ಬಿಸಿಲೇ ಈ ಸಲದ್ದು" ಎಂದು ಅವಳು ಗೊಣಗಿದ್ದು ನನಗೆ ನೆನಪಿದೆ.

ಒಂದು ಬೆಳಿಗ್ಗೆ ಕ್ಲೋವಿಸ್ ಬಂದ. ಮುಖ ಸೀಮೆಸುಣ್ಣ ಬಳಿದ ಹಾಗಿತ್ತು. ಮೆಟ್ಟಿಲಲ್ಲೇ ಕೂತ.

"ಏನೋ ಭೀಮಸೇನ, ನಿನಗೂ ಬಿಸಿಲು ಬಡೀತಾ?" ಎಂದು ಓಡಾಲಿ ಕೆಣಕಿದಳು.

"ತಲೆ ಒಡೆದು ಹೋಗೋ ಹಾಗಿತ್ತು ಅತ್ತೆ. ನಿಮ್ಮನೆ ಹತ್ರ ಬರ್ತಾ ಬರ್ತಾ ಸ್ವಲ್ಪ ಇಳೀತು. ನಿಮ್ಮ ಹೆಸರಿಗೇ ಅಷ್ಟು ಶಕ್ತಿ ನೋಡಿ." ಆಮೇಲೆ ದನಿ ತಗ್ಗಿಸಿದ. "ಅರ್ಲೀನ್‌ಗೆ ಹೇಳ್ಬೇಡಿ. ಅಮ್ಮಂಗೂ ಒಂದು ಹಾಕಿ. ನಿನ್ನೆಯಿಂದ ತಲೆ ಎತ್ತಿಲ್ಲ, ಒಂದೇ ಸಮ ವಾಂತಿ."

ಬರಲಾಗದವರಿಗೆ ಅವರ ರಕ್ತ ಹಂಚಿಕೊಂಡವರ ತಲೆಯ ಮೇಲೆ ಲೋಟ ಇಡಬಹುದು. ಅವನಿಗೊಂದು ಆಯಿತು, ಗುಳ್ಳೆ ಎದ್ದಿತು. ಬೆಲ್ಜೀರಜ್ಜಿಯ ಹೆಸರಿನಲ್ಲಿ ಎರಡನೆಯದನ್ನು ಇಟ್ಟಳು. ಜಪ ಮುಗಿಯಿತು, ಮತ್ತೆ ಮೊದಲಿಂದ ಹೇಳಿದಳು. ಲೋಟದ ನೀರು ಅಲುಗಲಿಲ್ಲ. ನಾನೂ ಬಗ್ಗಿ ನೋಡಿದೆ. ಒಂದೇ ಒಂದು ಗುಳ್ಳೆ ಇಲ್ಲ.

"ಆಯ್ತಾ ಅತ್ತೆ?" ಎಂದು ಕ್ಲೋವಿಸ್ ಕೇಳಿದ.

"ಆಯ್ತು, ಹೋಗು" ಎಂದಳು. ಅವನು ಸಮಾಧಾನದಿಂದ ಸುತ್ತಿಗೆ ಎತ್ತಿಕೊಂಡು ಛಾವಣಿ ಕೆಲಸಕ್ಕೆ ಹೋದ.

ಅವಳು ಮಾತ್ರ ಹಂಡೆಯ ಹತ್ತಿರ ಬಂದು ಕೂತವಳು ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಬಿಟ್ಟು ದೂರ ನೋಡುತ್ತಿದ್ದಳು. ಊಟದ ಹೊತ್ತಾಯಿತು, ಜನಕ್ಕೆ ಬಡಿಸಿದೆವು. ತಟ್ಟೆ ತೊಳೆಯುವಾಗ ಥಟ್ಟನೆ ಕೇಳಿದಳು: "ಯೂಲಾ, ಬೆಲ್ಜೀರಮ್ಮ ಹಾಸಿಗೆ ಬಿಟ್ಟು ಎದ್ದು ಎಷ್ಟು ಕಾಲ ಆಯ್ತು?"

"ಸೊಂಟ ಮುರಿದಾಗಿಂದ ಎಲ್ಲೆದ್ದಿದ್ದಾರೆ? ಕಿಟಕೀನೂ ಮುಚ್ಚಿದ್ದಾರೆ."

"ಹಂಗಾದ್ರೆ ಬಿಸಿಲು ಎಲ್ಲಿಂದ ಬಡೀತೇ ಅವಳಿಗೆ?"

ನನ್ನ ಕೈಯ ತಟ್ಟೆ ಹಾಗೇ ನಿಂತಿತು. ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. "ನಾನು ಜಪ ಶುರು ಮಾಡೋಕ್ ಮುಂಚೇನೇ ಕ್ಲೋವಿಸ್‌ಗೆ ಇಳಿದಿತ್ತು. ಮನೆಯಿಂದ ಹೊರಗ್ ಬಂದಿದ್ದಕ್ಕೇ ಇಳೀತು. ಬಿಸಿಲಲ್ಲ ಕಣೇ ಇದು. ಆ ಹಾಳು ಯಂತ್ರದ ಹೊಗೆ!"

"ಹಾಗಾದ್ರೆ ನಡಿ, ಹೋಗೋಣ."

ಅವಳು ಏಳಲಿಲ್ಲ. ಕ್ಲೋವಿಸ್ ಲೋಟ ಇಡಿ ಎಂದಿದ್ದನೇ ಹೊರತು ಮನೆಗೆ ಬನ್ನಿ ಎಂದಿರಲಿಲ್ಲ. ಮಾವ ಹಾಕಿಸಿದ ಆಣೆ, ಈಸ್ಟರಿನ ಮಾತು, ಎರಡೂ ಅವಳ ಕಾಲು ಹಿಡಿದಿದ್ದವು. ನನಗೆ ಪಿತ್ತ ನೆತ್ತಿಗೇರಿತು. "ಸತ್ತ ಮೇಲೆ ಕರೀತಾರೆ, ಆವಾಗ ಹೋಗ್ತೀಯಾ?" ಎಂದು ಕೂಗಿದೆ. ಅದಕ್ಕೆ ಅವಳು ಎದ್ದಳು. ಕೈ ಒರೆಸಿಕೊಳ್ಳಲೂ ಇಲ್ಲ, ದೋಣಿಗೆ ಹಾರಿದಳು.

ಬಯೂವಿನಲ್ಲಿ ತೇಲುವ ಹಲಗೆ, ಸತ್ತ ಹಸು, ಯಾರದೋ ಸೋಫಾ. ಕೋಲಿನಿಂದ ತಳ್ಳುತ್ತಾ ತಳ್ಳುತ್ತಾ ಹೋದೆವು. ಎರಡೂ ದಡದಿಂದ ಗುಂಯ್, ಗುಂಯ್. ನಿನ್ನೆಯವರೆಗೆ ಅದನ್ನು ಕೇಳಿದರೆ ಧೈರ್ಯ ಬರುತ್ತಿತ್ತು. ಈಗ ಒಂದೊಂದು ಮನೆ ದಾಟುವಾಗಲೂ ಒಳಗೆ ಯಾರ್ಯಾರಿದ್ದಾರೆ ಎಂದು ಎಣಿಸುತ್ತಿದ್ದೆ. ಕ್ಲೋವಿಸ್‌ನ ಮನೆಯ ನಾಯಿ ಅಂಗಳದ ಕೆಸರಿನಲ್ಲಿ ಮಲಗಿತ್ತು. ಮೆಟ್ಟಿಲ ಕಡೆಗೂ ಹೋಗದೆ ನಮ್ಮನ್ನು ನೋಡಿ ಕುಂಯ್ ಎಂದಿತು.

ಕೆಳಗಿನ ಮೆಟ್ಟಿಲ ಹತ್ತಿರ ಓಡಾಲಿ ಒಂದು ಗಳಿಗೆ ನಿಂತಳು. ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಏದುಸಿರು ಬಿಡುತ್ತಾ ಹತ್ತಿದಳು, ಬಾಗಿಲನ್ನು ಭುಜದಿಂದ ಗುದ್ದಿದಳು.

ಒಳಗೆ ಕಣ್ಣಿಗೆ ಹೊಗೆ ಏನೂ ಕಾಣಲಿಲ್ಲ, ಅದೇ ಭಯ ಹುಟ್ಟಿಸಿತು. ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯ ನೆಲದ ಮೇಲೆ ಅರ್ಲೀನ್ ಬಿದ್ದಿದ್ದಳು, ಒಲೆಯ ಮೇಲೆ ಅಜ್ಜಿಗೆಂದು ಇಟ್ಟ ಗಂಜಿ ಸೀದಿತ್ತು. ಓಡಾಲಿ ಹಿತ್ತಲ ಕೋಣೆಗೆ ನುಗ್ಗಿ ಯಂತ್ರ ಆರಿಸಿದಳು. ಇಬ್ಬರೂ ಸೇರಿ ಅರ್ಲೀನಳ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದೆವು. ಗಾಳಿ ತಾಗಿ ಅವಳು ಕೆಮ್ಮಿದಳು, ಕಾರಿದಳು. ನಾನು ಅಲ್ಲೇ ಅವಳ ತಲೆ ಹಿಡಿದುಕೊಂಡು ಕೂತೆ. ಓಡಾಲಿ ಮತ್ತೆ ಒಳಗೆ ಹೋದಳು.

ಅವಳು ಹೊರಗೆ ಬಂದಾಗ ಬೆಲ್ಜೀರಜ್ಜಿ ತೋಳಲ್ಲಿದ್ದಳು. ಒಣಗಿ ಕಡ್ಡಿಯಾಗಿದ್ದ ಮುದುಕಿ. ಕೆನ್ನೆ ಕೆಂಪಗೆ, ಚೆನ್ನಾಗಿ ನಿದ್ದೆ ಮಾಡಿದವರ ಹಾಗಿತ್ತು. ಕೈ ಮುಟ್ಟಿ ನೋಡಿದೆ. ತಣ್ಣಗಾಗಿ ಬಹಳ ಹೊತ್ತಾಗಿತ್ತು. ಓಡಾಲಿ ಜಗಲಿಯ ಮೇಲೆ ಕೂತು, ಅವಳನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚಿಹೋದ ಕೂದಲನ್ನು ಸರಿಮಾಡುತ್ತಾ ಇದ್ದಳು. ಆ ಗಂಟು ಬಿದ್ದ ಬೆರಳುಗಳಲ್ಲೇ ಜಡೆ ಹೆಣೆಯತೊಡಗಿದಳು.

ನನ್ನ ಕೂಗು ಕೇಳಿ ಪಕ್ಕದ ಛಾವಣಿಯಿಂದ ಕ್ಲೋವಿಸ್ ಓಡಿ ಬಂದ. ತಾಯಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಅಷ್ಟು ದೊಡ್ಡ ಗಂಡಸು ಜಗಲಿಯ ಮೇಲೆ ತಾಯಿಯ ಪಕ್ಕದಲ್ಲೇ ಮಂಡಿಯೂರಿದ.

"ಬೆಳಿಗ್ಗೆ ನೀವು ಜಪ ಹಾಕಿದ್ರಲ್ಲ ಅತ್ತೆ" ಎಂದ. "ಆಯ್ತು ಅಂದ್ರಲ್ಲ. ಅದಕ್ಕೇ ನಾನು ಧೈರ್ಯವಾಗಿ ಕೆಲಸಕ್ಕೆ ಹೋದೆ."

ಅವನು ಬೈದಿದ್ದರೆ ವಾಸಿಯಿತ್ತು. ಓಡಾಲಿ ಮುದುಕಿಯ ತಲೆಯನ್ನು ಮೆಲ್ಲಗೆ ಅವನ ತೊಡೆಗೆ ದಾಟಿಸಿ ಎದ್ದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ತಲೆ ಎತ್ತಿ ಪಕ್ಕದ ಮನೆಯ ಕಡೆ ನೋಡಿದಳು. ಅಲ್ಲಿ ಗುಂಯ್ ಎನ್ನುತ್ತಿತ್ತು.

ನೇರ ಅಲ್ಲಿಗೆ ಹೋದಳು. ಅಲ್ಲಿಂದ ಅದರ ಮುಂದಿನ ಮನೆಗೆ. ಅರ್ಲೀನಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ನಾನೂ ಹಿಂದೆ ಓಡಿದೆ. ಬಾಗಿಲು ಬಡಿಯಲಿಲ್ಲ, ಕೇಳಲಿಲ್ಲ, ಒಳಗೆ ನುಗ್ಗಿ ಯಂತ್ರ ಆರಿಸಿದಳು, ಪ್ಲಾಸ್ಟಿಕ್ ಹಾಳೆಗಳನ್ನು ಪರಪರ ಹರಿದಳು. "ಹೊರಗ್ ಎಳೀರಿ ಇದನ್ನ! ಕಳ್ಳ ಹೊತ್ಕೊಂಡ್ ಹೋದ್ರೆ ಹೋಗ್ಲಿ!" ಎಂದು ಅಬ್ಬರಿಸಿದಳು. ಕೆಲವರು ಎಳೆದರು. ಹಲವರು ಜಗಳಕ್ಕೆ ನಿಂತರು. "ಮುದುಕಿಗೆ ಅರಳುಮರಳು" ಎಂದರು. "ಮಂತ್ರ ಕೈಕೊಟ್ಟಿತು, ಈಗ ಊರ ಮೇಲೆ ಬಿದ್ದಿದ್ದಾಳೆ" ಎಂದರು. ಒಬ್ಬನಂತೂ ಅವಳನ್ನು ಮೆಟ್ಟಿಲಿಂದ ತಳ್ಳಿದ. ಮೊಣಕೈ ತರಚಿ ರಕ್ತ ಬಂತು. ಅವಳು ಹಿಂದಿನಿಂದ ಸುತ್ತಿ ಹೋಗಿ ಅವನ ಯಂತ್ರಕ್ಕೆ ಒಂದು ಬಕೆಟ್ ಬಯೂ ನೀರು ಸುರಿದಳು.

ಅವಳ ಕೈಗುಣ ಅಂದೇ ಹೋಯಿತು ಎಂದು ಜನ ಈಗಲೂ ಹೇಳುತ್ತಾರೆ. ಇರಬಹುದು. ಆಮೇಲೆ ಅವಳು ಯಾರ ತಲೆಗೂ ಲೋಟ ಇಡಲಿಲ್ಲ. ಆ ಸಂಜೆ ಬಯೂವಿನ ಎರಡೂ ದಡ ಕತ್ತಲಾಗಿತ್ತು. ಫ್ಯಾನಿಲ್ಲದೆ ಬೆಂದೆವು, ಸೊಳ್ಳೆಗಳು ಹರಿದು ತಿಂದವು. ಮನೆಮನೆಯಿಂದಲೂ ಓಡಾಲಿಗೆ ಹಿಡಿಶಾಪ. ಬೈದವರೆಲ್ಲ ಬೆಳಿಗ್ಗೆ ಎದ್ದರು.